ವಿದ್ಯಾಲಯದ ಪರದೆಯ ಮೇಲೆ ಪರದೇಶದ ಚಿತ್ರ

ಸಂಸ್ಥೆಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಶಂಕುಸ್ಥಾಪನೆಯ ಶಿಲೆಯ ಬಳಿ ನಿಂತು, ಅದರ ಮೇಲೆ ಕೆತ್ತಿರುವ ಹೆಸರು ತಿಥಿಗಳನ್ನು ಓದಿಕೊಂಡು, ಅಲ್ಲಿಂದ ಮುಂದಕ್ಕೆ ನಡೆಯುತ್ತಾರೆ. ಕಾಲೇಜುಗಳ ಚಿತ್ರಸಮಾಜದ ಚರಿತ್ರೆಯನ್ನು ಬರೆಯುವವನಿಗೆ ಆ ಸೌಕರ್ಯವಿಲ್ಲ. ಕೂರುವುದಕ್ಕೆ ಭೌತಶಾಸ್ತ್ರ ವಿಭಾಗದವರ ಮೆಟ್ಟಿಲುಮೆಟ್ಟಿಲಾದ ಉಪನ್ಯಾಸ ಮಂದಿರ, ತೋರಿಸುವುದಕ್ಕೆ ಎಲ್ಲಿಂದಲೋ ಎರವಲು ತಂದ ಯಂತ್ರ, ನೋಡುವುದಕ್ಕೆ ಮರುದಿನದ ರೈಲಿಗೆ ಹಿಂದಿರುಗಿಸಲೇಬೇಕಾದ ಸುರುಳಿ. ಹೀಗೆ ಸರ್ವವೂ ಪರಾಧೀನವಾಗಿದ್ದ ಒಂದು ಏರ್ಪಾಡು, ಸ್ವಂತದ್ದೆಂದು ಹೇಳಿಕೊಳ್ಳಲು ಒಂದು ಬೀರು ಸಹ ಇಲ್ಲದೆಯೇ, ಡೆ ಸೀಕಾ, ಕುರೊಸಾವಾ, ಬರ್ಗ್‌ಮನ್ ಎಂಬ ಪರದೇಶದ ನಿರ್ದೇಶಕರ ಹೆಸರುಗಳನ್ನು ನಮ್ಮ ವಿದ್ಯಾರ್ಥಿಗಳ ನಾಲಗೆಯ ಮೇಲೆ ಕೂರಿಸಿತು. ಅದರ ಪೂರ್ವಚರಿತ್ರೆಯನ್ನು ಈ ಸಂಚಿಕೆಗೆ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಯಾವ ಒಂದು ಕಾಲೇಜಿನ ಕಡತಕ್ಕೂ ಕಟ್ಟುಬೀಳದೆ, ಈ ಪದ್ಧತಿ ನಮ್ಮ ದೇಶದ ವಿದ್ಯಾಲಯಗಳಿಗೆ ಯಾವ ದಾರಿಯಿಂದ ಬಂತು, ಬಂದಮೇಲೆ ಹೇಗೆ ನಿಂತಿತು ಎಂಬುದನ್ನಷ್ಟೇ ಹೇಳುವುದು ಉಚಿತವೆಂದು ನನಗೆ ತೋರಿತು. ಈ ಕಥೆಯಲ್ಲಿ ಚಿತ್ರಗಳಿಗಿಂತಲೂ, ಚಿತ್ರಕ್ಕೆ ಮೊದಲು ಪರದೆಯ ಮುಂದೆ ಎದ್ದುನಿಂತು ನಾಲ್ಕು ಮಾತು ಹೇಳಿದವರದೇ ಮುಖ್ಯ ಪಾತ್ರವೆಂಬುದು ನನ್ನ ಅಭಿಪ್ರಾಯ. ಓದುಗರು ಒಪ್ಪದಿದ್ದರೆ ಅದು ಅವರ ಸ್ವಾತಂತ್ರ್ಯ.

ವಾಣಿಜ್ಯ ಚಿತ್ರಮಂದಿರಗಳು ತೋರಿಸಲೊಲ್ಲದ, ಸರ್ಕಾರದ ಪರಿಶೀಲಕರು ತೋರಿಸಗೊಡದ ಚಿತ್ರಗಳನ್ನು ಸದಸ್ಯರಷ್ಟೇ ಕೂಡಿ ನೋಡತಕ್ಕ ಫಿಲ್ಮ್ ಸೊಸೈಟಿಯ, ಎಂದರೆ ಚಿತ್ರಸಮಾಜದ, ಏರ್ಪಾಡು ಲಂಡನ್ನಿನಲ್ಲಿ 1925ರಲ್ಲಿ ಆರಂಭವಾಯಿತು. ನಮ್ಮಲ್ಲಿ ಅದು ಗಟ್ಟಿಯಾಗಿ ಬೇರೂರಿದ್ದು ಸ್ವಾತಂತ್ರ್ಯ ಬಂದ ವರ್ಷದಲ್ಲಿ, ಕಲ್ಕತ್ತೆಯಲ್ಲಿ. ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಕಾರನಾಗಿದ್ದ ಇಪ್ಪತ್ತಾರು ವರ್ಷದ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮೊದಲಾದ ಗೆಳೆಯರೊಡನೆ ಸೇರಿ 1947ರಲ್ಲಿ ಕಲ್ಕತ್ತ ಫಿಲ್ಮ್ ಸೊಸೈಟಿಯನ್ನು ಸ್ಥಾಪಿಸಿದರು. ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನನ 'ಬ್ಯಾಟಲ್‌ಷಿಪ್ ಪೊಟೆಮ್‌ಕಿನ್' ಚಿತ್ರವನ್ನು ತೋರಿಸುವುದರಿಂದ ಕಾರ್ಯ ಮೊದಲಾಯಿತು. ಮೂಕಚಿತ್ರವನ್ನೇ ಮೊದಲಿಗೆ ಆರಿಸಿಕೊಂಡದ್ದರಲ್ಲಿ ಅನುಕೂಲವೂ ಇತ್ತೆನ್ನಬೇಕು: ಮಾತೇ ಇಲ್ಲದ ಚಿತ್ರಕ್ಕೆ ಪರಭಾಷೆಯ ತೊಡಕು ಕಡಮೆ. ಕೆಲವೇ ವರ್ಷಗಳಲ್ಲಿ ಆ ಸಂಘ ನಿಸ್ತೇಜವಾಗಿ ಮಲಗಿ, ರಾಯ್ ಅವರ 'ಪಥೇರ್ ಪಾಂಚಾಲಿ' ತೆರೆಕಂಡ ಮರುವರ್ಷ 1956ರಲ್ಲಿ ಪುನಃ ಎದ್ದಿತು.

ಈ ನಡುವೆ 1952ರ ಜನವರಿಯಲ್ಲಿ ಮುಂಬಯಿಯಲ್ಲಿ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆದು, ಅದೇ ಚಿತ್ರಗಳು ಮದರಾಸು, ದೆಹಲಿ, ಕಲ್ಕತ್ತೆಗಳಿಗೂ ಪ್ರಯಾಣ ಮಾಡಿದುವು. ವಿದೇಶೀ ಚಿತ್ರವೆಂದರೆ ಹಾಲಿವುಡ್ಡಿನದೆಂದೇ ತಿಳಿದಿದ್ದ ನಮ್ಮ ಪ್ರೇಕ್ಷಕರ ಎದುರಿಗೆ ಇಟಲಿಯ 'ಬೈಸಿಕಲ್ ಥೀವ್ಸ್', ಜಪಾನಿನ 'ರಾಶೊಮೊನ್' ಚಿತ್ರಗಳು ಹಠಾತ್ತನೆ ಬಂದು ನಿಂತಾಗ ಆದ ಬೆರಗನ್ನು ಆ ಪೀಳಿಗೆಯ ಅನೇಕರು ಬರೆದಿಟ್ಟಿದ್ದಾರೆ. ಕಳುವಾದ ಸೈಕಲ್ಲನ್ನು ಹುಡುಕುತ್ತ ತಂದೆಮಗ ರೋಮ್ ನಗರದ ಬೀದಿಗಳಲ್ಲಿ ಅಲೆಯುವ ಆ ಕಥೆಯನ್ನು ಅರಿಯಲು ಇಟಾಲಿಯನ್ ಭಾಷೆ ಬೇಕಾಗಲಿಲ್ಲ. ಒತ್ತೆಯ ಅಂಗಡಿಯ ಕಪಾಟಿನಲ್ಲಿ ಮಂಚದ ಹೊದಿಕೆಗಳ ಗಂಟುಗಳು ಮಾಳಿಗೆಯವರೆಗೆ ಒಟ್ಟಿಕೊಂಡಿರುವುದನ್ನು ಕಂಡವನಿಗೆ ಯುದ್ಧಾನಂತರದ ಬಡತನದ ಬಗ್ಗೆ ಪ್ರತ್ಯೇಕ ಉಪನ್ಯಾಸವೇನೂ ಬೇಡ. ಆದರೆ ಉತ್ಸವವೆಂಬುದು ವರ್ಷಕ್ಕೊಮ್ಮೆಯೂ ಬಾರದ ಅತಿಥಿಯಾಗಿತ್ತು. ನಿತ್ಯವ್ಯವಸ್ಥೆಯೊಂದು ಬೇಕೆಂದು ಚದುರಿಹೋಗಿದ್ದ ಸಮಾಜಗಳಿಗೆ ತೋರಿದುದರ ಫಲವಾಗಿ, 1959ರ ಡಿಸೆಂಬರಿನಲ್ಲಿ ಭಾರತೀಯ ಚಿತ್ರಸಮಾಜಗಳ ಒಕ್ಕೂಟ ಹುಟ್ಟಿತು. ಅದಕ್ಕೆ ಸತ್ಯಜಿತ್ ರಾಯ್ ಅಧ್ಯಕ್ಷರಾದರು.

ಈ ಒಕ್ಕೂಟದ ಸ್ಥಾಪಕರ ಪಟ್ಟಿಯಲ್ಲಿ ಕಲ್ಕತ್ತ, ದೆಹಲಿ, ಮುಂಬಯಿ, ಮದರಾಸು, ಪಾಟ್ನಾಗಳ ಜೊತೆಗೆ ರೂರ್ಕಿಯ ಹೆಸರೂ ಇದೆಯೆಂಬುದನ್ನು ನಮ್ಮವರು ಅಷ್ಟಾಗಿ ಗಮನಿಸಿದಂತಿಲ್ಲ. ಉಳಿದುವೆಲ್ಲ ಮಹಾನಗರಗಳು, ಇಲ್ಲವೆ ಪ್ರಾಂತ್ಯದ ರಾಜಧಾನಿಗಳು. ರೂರ್ಕಿಯಾದರೋ ಗಂಗಾ ನಾಲೆಯ ದಡದಲ್ಲಿರುವ ಸಣ್ಣ ಊರು, 1847ರಲ್ಲಿ ಸ್ಥಾಪಿತವಾಗಿ 1949ರಲ್ಲಿ ವಿಶ್ವವಿದ್ಯಾಲಯದ ಪದವಿಗೇರಿದ ಇಂಜಿನಿಯರಿಂಗ್ ಕಾಲೇಜಿನಿಂದಲೇ ಪ್ರಸಿದ್ಧವಾದದ್ದು. ಸೇತುವೆ ನಾಲೆಗಳ ಲೆಕ್ಕ ಹಾಕುವ ಊರಿನಲ್ಲಿ ಚಿತ್ರಸಮಾಜವೊಂದು ತಲೆಯೆತ್ತಿತೆಂಬುದು ಆಕಸ್ಮಿಕವಲ್ಲವೆಂದು ನನ್ನ ಊಹೆ. ಸಂಜೆಯ ಹೊತ್ತಿಗೆ ಹೋಗಲು ಬೇರೆ ಎಡೆಯಿಲ್ಲದ ಯುವಜನ, ಯಂತ್ರವನ್ನು ಬಿಚ್ಚಿ ಜೋಡಿಸಲು ಅಂಜದ ಕೈಗಳು, ಕತ್ತಲು ಮಾಡಬಲ್ಲ ಒಂದು ಕೊಠಡಿ. ಇಷ್ಟು ಸಾಮಗ್ರಿ ಕಾಲೇಜಿನಲ್ಲಿ ಒದಗುವಷ್ಟು ಸುಲಭವಾಗಿ ಪೇಟೆಯಲ್ಲಿ ಒದಗುವುದಿಲ್ಲ.

ಕಾನೂನಿನ ದೃಷ್ಟಿಯಿಂದಲೂ ವಿದ್ಯಾಲಯವು ಚಿತ್ರಸಮಾಜಕ್ಕೆ ಹೇಳಿಮಾಡಿಸಿದ ನೆಲೆಯಾಗಿತ್ತು. 1952ರ ಸಿನಿಮಾಟೋಗ್ರಾಫ್ ಕಾಯಿದೆಯ ಪ್ರಕಾರ ಸಾರ್ವಜನಿಕವಾಗಿ ತೋರಿಸುವ ಯಾವ ಚಿತ್ರಕ್ಕಾದರೂ ಪ್ರಮಾಣಪತ್ರ ಬೇಕು. ಆದರೆ ಅದೇ ಕಾಯಿದೆಯ 9ನೆಯ ಕಲಮು ಕೇಂದ್ರ ಸರ್ಕಾರಕ್ಕೆ ವಿನಾಯಿತಿ ನೀಡುವ ಅಧಿಕಾರವನ್ನು ಕೊಟ್ಟಿದೆ. ಒಕ್ಕೂಟವು ಈ ಬಾಗಿಲನ್ನೇ ತಟ್ಟಿ, ಸದಸ್ಯರಿಗೆ ಮಾತ್ರ ತೋರಿಸುವ ವಿದೇಶೀ ಚಿತ್ರಗಳಿಗೆ ಪರಿಶೀಲನೆಯಿಂದ ಬಿಡುಗಡೆ ಪಡೆಯಿತು. ಅದಕ್ಕೆ ಪ್ರತಿಯಾಗಿ ಸಮಾಜಗಳು ಪಾಲಿಸತಕ್ಕ ನಿಯಮ ಸರಳವಾದದ್ದು: ಬಾಗಿಲಲ್ಲಿ ಟಿಕೆಟ್ ಮಾರಕೂಡದು, ದಾರಿಹೋಕರನ್ನು ಒಳಗೆ ಬಿಡಕೂಡದು, ಸದಸ್ಯತ್ವದ ವಂತಿಗೆಯಿಂದಲೇ ಖರ್ಚು ತೂಗಿಸಬೇಕು. ನಗರದ ಸಮಾಜಕ್ಕೆ ಈ ಗೆರೆಯನ್ನು ಕಾಯುವುದೇ ಒಂದು ಉದ್ಯೋಗವಾದರೆ, ಕಾಲೇಜಿನ ಹಾಜರಿ ಪುಸ್ತಕವೇ ಸದಸ್ಯರ ಪಟ್ಟಿಯಾಗಿದ್ದುದರಿಂದ ಇಲ್ಲಿ ಆ ತಾಪತ್ರಯ ಕಡಮೆ.

ಆದರೆ ಈ ವಿನಾಯಿತಿಯಿಂದ ಒಂದು ಮುಜುಗರವೂ ಒದಗಿತು. ಸ್ಮರಣ ಸಂಚಿಕೆಗಳಲ್ಲಿ ಇಂಥವನ್ನು ಬಿಟ್ಟುಬಿಡುವುದು ವಾಡಿಕೆಯಾದರೂ ಬಿಟ್ಟರೆ ಚರಿತ್ರೆ ಅರ್ಧವಾಗುತ್ತದೆ. ಕತ್ತರಿ ಬೀಳದ ಚಿತ್ರವೆಂಬ ಸುದ್ದಿ ಹಬ್ಬಿದೊಡನೆ, ಬರ್ಗ್‌ಮನ್ನನ ಹೆಸರನ್ನೇ ಕೇಳರಿಯದ ಜನರೂ ಬರ್ಗ್‌ಮನ್ನನ ಚಿತ್ರಕ್ಕೆ ನೂಕುನುಗ್ಗಲಾಗಿ ಬರತೊಡಗಿದರು. ಸ್ವೀಡನ್ನಿನ ಚಿತ್ರವೆಂದರೆ ಮಂದಿರ ಭರ್ತಿ, ಹಂಗೇರಿಯ ರೈತಾಪಿ ಜೀವನದ ಚಿತ್ರವೆಂದರೆ ಮುಂದಿನ ಎರಡು ಸಾಲಿನಲ್ಲಿ ಅಧ್ಯಾಪಕರು, ಹಿಂದೆ ಗಾಳಿ. ಚಿತ್ರಸಮಾಜಗಳ ಸಂಖ್ಯಾವೃದ್ಧಿಯನ್ನು ಕಂಡು ಹಿಗ್ಗಬೇಕೋ ನಾಚಬೇಕೋ ಎಂದು ಚಳವಳಿಯ ಹಿರಿಯರೇ ಶಂಕಿಸಿದರು. ನನಗೆ ಮಾತ್ರ ಆ ಗುಂಪಿನ ಮೇಲೆ ಅಷ್ಟು ಸಿಟ್ಟಿಲ್ಲ. ಬರ್ಗ್‌ಮನ್ನನ 'ವೈಲ್ಡ್ ಸ್ಟ್ರಾಬೆರೀಸ್' ಚಿತ್ರಕ್ಕೆ ಬೇರೇನನ್ನೋ ಅರಸಿ ಬಂದವನು, ಮುದುಕ ಪ್ರಾಧ್ಯಾಪಕನೊಬ್ಬ ಗೌರವ ಪದವಿಯನ್ನು ಸ್ವೀಕರಿಸಲು ಮೋಟಾರಿನಲ್ಲಿ ಹೊರಟು ದಾರಿಯುದ್ದಕ್ಕೂ ತನ್ನ ಬಾಳನ್ನೇ ತೂಗಿನೋಡಿಕೊಳ್ಳುವುದನ್ನು ಕಂಡು, ಅರ್ಧದಲ್ಲಿ ಎದ್ದುಹೋಗದೆ ಕುಳಿತನೆಂದರೆ, ಅವನು ಬಂದ ಕಾರಣವನ್ನು ಕೆದಕುವುದು ಅನಾವಶ್ಯಕ.

ಚಿತ್ರಗಳು ಬರುತ್ತಿದ್ದುದು ಮುಖ್ಯವಾಗಿ ಎರಡು ಮೂಲಗಳಿಂದ. ದೆಹಲಿಯ ರಾಯಭಾರ ಕಚೇರಿಗಳೂ ಅವುಗಳ ಸಾಂಸ್ಕೃತಿಕ ಕೇಂದ್ರಗಳೂ ತಂತಮ್ಮ ದೇಶದ ಚಿತ್ರಗಳನ್ನು ಉಚಿತವಾಗಿ ಕಳುಹುತ್ತಿದ್ದುವು. ಸೋವಿಯತ್ ಒಕ್ಕೂಟ, ಪೋಲೆಂಡ್, ಚೆಕೊಸ್ಲೊವಾಕಿಯ, ಹಂಗೇರಿಗಳ ಔದಾರ್ಯ ಈ ವಿಷಯದಲ್ಲಿ ದೊಡ್ಡದು. ಆ ಔದಾರ್ಯಕ್ಕೆ ರಾಜಕೀಯ ಹಿನ್ನೆಲೆಯಿದ್ದಿತೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೂ ಪೋಲಿಷ್ ನಿರ್ದೇಶಕ ವಾಯ್ದಾನ ಚಿತ್ರವನ್ನು ನೋಡಿ ಬಂದವನು ಪೋಲೆಂಡಿನ ಸರ್ಕಾರಕ್ಕೆ ಭಕ್ತನಾಗಿದ್ದನೆಂದು ಯಾರೂ ಹೇಳಲಾರರು. ಎರಡನೆಯದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ. 1964ರಲ್ಲಿ ಸ್ಥಾಪಿತವಾಗಿ, ಪಿ. ಕೆ. ನಾಯರ್ ಅವರ ಅವಿರತ ಸಂಗ್ರಹಬುದ್ಧಿಯಿಂದ ಬೆಳೆದ ಆ ಭಂಡಾರದಲ್ಲಿ ಸಮಾಜಗಳಿಗೂ ವಿದ್ಯಾಸಂಸ್ಥೆಗಳಿಗೂ ಎರವಲು ಕೊಡಲೆಂದೇ 16 ಮಿಲಿಮೀಟರಿನ ಪ್ರತಿಗಳ ಪ್ರತ್ಯೇಕ ವಿಭಾಗವಿತ್ತು. ಮುಂದೆ ಬೆಂಗಳೂರಿನಲ್ಲಿಯೂ ಅದರ ಪ್ರಾದೇಶಿಕ ಕಚೇರಿಯೊಂದು ಆರಂಭವಾಗಿ, ಕನ್ನಡನಾಡಿನ ಕಾಲೇಜುಗಳಿಗೆ ಪುಣೆಯ ದೂರ ಕೊಂಚ ತಗ್ಗಿತು.

ಈ 16 ಮಿಲಿಮೀಟರಿನ ಪಟ್ಟಿಯಿಲ್ಲದಿದ್ದರೆ ಕಾಲೇಜಿನ ಚಿತ್ರಸಮಾಜವೇ ಇರುತ್ತಿರಲಿಲ್ಲ. ಚಿತ್ರಮಂದಿರದ 35 ಮಿಲಿಮೀಟರಿನ ಯಂತ್ರವನ್ನು ಗೋಡೆ ಕಟ್ಟಿ ನಿಲ್ಲಿಸಬೇಕು. 16 ಮಿಲಿಮೀಟರಿನದನ್ನಾದರೋ ಇಬ್ಬರು ಎತ್ತಿ ತಂದು ಮೇಜಿನ ಮೇಲೆ ಇಡಬಹುದು. ಒಂದು ಅಡಿಗೆ 40 ಚೌಕ, ಒಂದು ನಿಮಿಷಕ್ಕೆ 36 ಅಡಿ. 1600 ಅಡಿಯ ಸುರುಳಿ ಸುಮಾರು 44 ನಿಮಿಷ ಓಡುತ್ತದೆ. ಯಂತ್ರ ಒಂದೇ ಆದುದರಿಂದ, ಮೊದಲ ಸುರುಳಿ ಮುಗಿದಾಗ ದೀಪ ಹಾಕಿ ಎರಡನೆಯದನ್ನು ಏರಿಸುವವರೆಗೆ ಕಥೆ ನಿಂತಲ್ಲೇ ನಿಲ್ಲಬೇಕು. ಪಟ್ಟಿಯನ್ನು ಹಲ್ಲಿನ ಗಾಲಿಗಳ ಮೇಲೆ ಹಾಯಿಸಿ, ಮಸೂರದ ಹಿಂದಣ ಕಿಂಡಿಯ ಮೇಲೊಂದು ಕೆಳಗೊಂದು ಸಡಿಲವಾದ ಕುಣಿಕೆ ಬಿಟ್ಟು, ಅಲ್ಲಿಂದ ಧ್ವನಿಯ ಉರುಳೆಗೆ ಸುತ್ತಿಸಬೇಕು. ಬಿಂಬಕ್ಕೂ ಅದರ ಧ್ವನಿಗೂ ಪಟ್ಟಿಯ ಮೇಲೆ 26 ಚೌಕಗಳ ಅಂತರವಿರುವುದರಿಂದ ಕೆಳಗಿನ ಕುಣಿಕೆ ಅಳತೆ ತಪ್ಪಿದರೆ ತುಟಿ ಒಂದು ಕ್ಷಣ, ಮಾತು ಇನ್ನೊಂದು ಕ್ಷಣ. ಕನ್ನಡ ಚಿತ್ರವಾದರೆ ಪ್ರೇಕ್ಷಕರು ಆಗಲೇ ಕೂಗಿ ಹೇಳುತ್ತಾರೆ. ಚೆಕ್ ಭಾಷೆಯ ಚಿತ್ರದಲ್ಲಿ ಹಾಗೆ ಹೇಳಬಲ್ಲವರು ಯಾರೂ ಇಲ್ಲದ್ದರಿಂದ, ಇಡೀ ಚಿತ್ರ ಹಾಗೆಯೇ ಓಡಿ ಮುಗಿದರೂ ಯಾರ ಗಮನಕ್ಕೂ ಬಾರದಿರುವ ಸಂಭವವಿತ್ತು. ಸುರುಳಿ ಹರಿದರೆ ಒಂದು ತುದಿಯ ಲೇಪವನ್ನು ಕೆರೆದು, ಸಿಮೆಂಟ್ ಹಚ್ಚಿ, ಇನ್ನೊಂದು ತುದಿಯನ್ನು ಅದರ ಮೇಲಿಟ್ಟು, ಹಿಡಿಯುವವರೆಗೆ ಒತ್ತಿಹಿಡಿದಿರಬೇಕು. ಈ ಕೆಲಸ ಸಾಮಾನ್ಯವಾಗಿ ಭೌತಶಾಸ್ತ್ರದ ಪ್ರಯೋಗಶಾಲೆಯ ಅಟೆಂಡರ ಪಾಲಿಗೆ ಬರುತ್ತಿತ್ತು. ಚಿತ್ರಸಮಾಜದ ಅಧ್ಯಕ್ಷ ಕಾರ್ಯದರ್ಶಿಗಳು ವರ್ಷವರ್ಷ ಬದಲಾದರೂ ಅಟೆಂಡರು ಬದಲಾಗುತ್ತಿರಲಿಲ್ಲವಾಗಿ, ಊರಿನಲ್ಲಿ ಅತ್ಯಧಿಕ ಸಂಖ್ಯೆಯ ಯುರೋಪಿನ ಚಿತ್ರಗಳನ್ನು ನೋಡಿದ ವ್ಯಕ್ತಿ ಅನೇಕ ಕಡೆಗಳಲ್ಲಿ ಅವರೇ ಆಗಿದ್ದಿರಬೇಕು. ಅಂಥವರ ಹೆಸರು ಯಾವ ವರದಿಯಲ್ಲಿಯೂ ಕಾಣದು.

ಯಂತ್ರದ ತೊಡಕಿಗೆ ಅಟೆಂಡರಿದ್ದರು. ಭಾಷೆಯ ತೊಡಕಿಗೆ ಯಾರು? ಬಂದ ಪ್ರತಿಗಳಿಗೆ ಇಂಗ್ಲಿಷಿನಲ್ಲಿ ಉಪಶೀರ್ಷಿಕೆಗಳಿರುತ್ತಿದ್ದುವು, ಕೆಲವಕ್ಕೆ ಅವೂ ಇರುತ್ತಿರಲಿಲ್ಲ. ಇಂಗ್ಲಿಷನ್ನು ಪುಸ್ತಕದಲ್ಲಿ ನಿಧಾನವಾಗಿ ಓದಿ ಅರ್ಥಮಾಡಿಕೊಳ್ಳುವುದು ಒಂದು. ಬಿಳಿಯ ಹಿಮದ ಮೇಲೆ ಬಿಳಿಯ ಅಕ್ಷರದಲ್ಲಿ ಮೂಡಿ ಮಾಯವಾಗುವ ಸಾಲನ್ನು ಹಿಡಿದುಕೊಂಡು, ಜೊತೆಗೆ ಮುಖಗಳನ್ನೂ ನೋಡುವುದು ಮತ್ತೊಂದು. ಹಳ್ಳಿಯಿಂದ ಬಂದ, ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗೆ ಚಿತ್ರದ ಭಾಷೆಯೂ ಪರಕೀಯ, ಅದನ್ನು ತಿಳಿಸಲೆಂದು ಬಂದ ಭಾಷೆಯೂ ಅರೆಪರಕೀಯ. ಇದಕ್ಕೆ ಸಮಾಜಗಳು ಕಂಡುಕೊಂಡ ಉಪಾಯವೇ ಪರಿಚಯಪತ್ರ: ನಿರ್ದೇಶಕನಾರು, ಅವನ ದೇಶದಲ್ಲಿ ಆಗ ಏನು ನಡೆದಿತ್ತು, ಕಥೆಯ ಎಳೆಯೇನು, ಎಲ್ಲಿ ಕಣ್ಣಿಡಬೇಕು ಎಂಬುದನ್ನು ತಿಳಿಸುವ, ಸೈಕ್ಲೋಸ್ಟೈಲ್ ಮಾಡಿದ ಒಂದೋ ಎರಡೋ ಹಾಳೆ. ಕನ್ನಡದ ಬೆರಳಚ್ಚು ಯಂತ್ರ ಎಲ್ಲೆಡೆಯೂ ಇರದಿದ್ದುದರಿಂದ ಮೇಣದ ಕಾಗದದ ಮೇಲೆ ಉಕ್ಕಿನ ಮೊನೆಯಿಂದ ಕೈಬರಹದಲ್ಲಿಯೇ ಕೊರೆಯಬೇಕಾಗುತ್ತಿತ್ತು. ದುಂಡಾದ ಕನ್ನಡ ಅಕ್ಷರವನ್ನು ಹಾಗೆ ಕೊರೆಯುವಾಗ ಒತ್ತು ಹೆಚ್ಚಾದರೆ ಕಾಗದ ಕಿತ್ತು ಬರುತ್ತದೆ, ಕಡಮೆಯಾದರೆ ಮಸಿ ಹಾಯುವುದಿಲ್ಲ. ಇಷ್ಟರ ಮೇಲೆ, ಪತ್ರವನ್ನು ಬರೆದವರೇ ಪ್ರದರ್ಶನಕ್ಕೆ ಮೊದಲು ಎದ್ದುನಿಂತು ಅದನ್ನು ವಿವರಿಸತಕ್ಕದ್ದೆಂಬುದೂ ರೂಢಿಯಾಯಿತು. ಕಥೆಯ ಕೊನೆಯನ್ನು ಮೊದಲೇ ಹೇಳಿಬಿಡಬಹುದೇ ಎಂಬ ಪ್ರಶ್ನೆಗೆ ಆಗ ಈಗಿನಷ್ಟು ಮಹತ್ತ್ವವಿರಲಿಲ್ಲ. ಯಕ್ಷಗಾನ ನೋಡಿ ಬೆಳೆದವರಿಗೆ ಕಥೆ ಮೊದಲೇ ಗೊತ್ತಿರುವುದು ಆಟಕ್ಕೆ ಅಡ್ಡಿಯಲ್ಲ.

ಹೀಗೆ ಎದ್ದುನಿಂತು ಹೇಳುವ ಕೆಲಸವನ್ನು ಶಾಸ್ತ್ರವಾಗಿ ಕಟ್ಟಿದವರಲ್ಲಿ ಮೊದಲು ನೆನೆಯಬೇಕಾದವರು ಸತೀಶ್ ಬಹಾದೂರ್. ಅವರು ಆಗ್ರಾದಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದು, ಅಲ್ಲಿಯ ಚಿತ್ರಸಮಾಜದ ಕೆಲಸದಲ್ಲಿ ತೊಡಗಿದ್ದವರು. ಐಸೆನ್‌ಸ್ಟೈನನ ಜೀವನಚರಿತ್ರೆಯನ್ನು ಬರೆದ ಬ್ರಿಟಿಷ್ ಲೇಖಕಿ ಮೇರಿ ಸೀಟನ್ 1950ರ ದಶಕದ ಮಧ್ಯದಲ್ಲಿ ಭಾರತಕ್ಕೆ ಬಂದು, ಚಿತ್ರದ ಡಬ್ಬಿಗಳೊಡನೆ ಊರೂರು ಸಂಚರಿಸಿ, ಚಿತ್ರವನ್ನು ನೋಡುವುದೂ ಕಲಿಯತಕ್ಕ ವಿದ್ಯೆಯೆಂದು ಉಪನ್ಯಾಸ ಮಾಡಿದ್ದರ ಪ್ರಭಾವ ಆ ಕಾಲದ ಅನೇಕ ತರುಣ ಅಧ್ಯಾಪಕರ ಮೇಲಾಯಿತು. ಬಹಾದೂರ್ 1960ರ ದಶಕದ ಆದಿಯಲ್ಲಿ, ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಆಗತಾನೆ ಆರಂಭವಾಗಿದ್ದ ಪುಣೆಯ ಚಲನಚಿತ್ರ ಸಂಸ್ಥೆಗೆ ಚಿತ್ರರಸಗ್ರಹಣದ ಪ್ರಾಧ್ಯಾಪಕರಾಗಿ ಹೋದರು. ಅವರ ಪಾಠಕ್ರಮದ ಖ್ಯಾತಿ ಇಂದಿಗೂ ಶಿಷ್ಯರ ಮಾತಿನಲ್ಲಿದೆ. 'ಪಥೇರ್ ಪಾಂಚಾಲಿ'ಯನ್ನು ದೃಶ್ಯದೃಶ್ಯವಾಗಿ ಬಿಡಿಸಿ, ಒಂದು ಭಾಗವನ್ನು ತೋರಿಸಿ ನಿಲ್ಲಿಸಿ, ಮತ್ತೆ ಹಿಂದಕ್ಕೆ ಸುತ್ತಿ ತೋರಿಸಿ, ಯಾವ ಕೋನದಿಂದ ನೋಡಿದೆವು, ಶಬ್ದ ಎಲ್ಲಿ ಮೊದಲಾಗಿ ಎಲ್ಲಿ ನಿಂತಿತು ಎಂದು ಕೇಳುತ್ತ ಹೋಗುವ ಆ ಕ್ರಮದಲ್ಲಿ, ಕಾವ್ಯವನ್ನು ಪದವಿಭಾಗ ಮಾಡಿ ಅನ್ವಯ ಹೇಳಿಸುತ್ತಿದ್ದ ನಮ್ಮ ಪಂಡಿತರ ಶಿಸ್ತೇ ಇತ್ತು. ಪುಣೆಯ ಸಂಸ್ಥೆಯೂ ಸಂಗ್ರಹಾಲಯವೂ ಕೂಡಿ 1970ರ ದಶಕದಿಂದ ಬೇಸಗೆಯಲ್ಲಿ ನಡೆಸಿಕೊಂಡು ಬಂದ ರಸಗ್ರಹಣ ಶಿಬಿರಕ್ಕೆ ನಾನಾ ಪ್ರಾಂತಗಳಿಂದ ಅಧ್ಯಾಪಕರೂ ಪತ್ರಕರ್ತರೂ ಹೋಗಿ, ಹಿಂದಿರುಗಿ ತಂತಮ್ಮ ಊರಿನಲ್ಲಿ ಆ ದೀಪವನ್ನು ಹಚ್ಚಿದರು.

ಕನ್ನಡನಾಡಿನಲ್ಲಿ 1971ರಲ್ಲಿ ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ ಆರಂಭವಾದದ್ದು ದೊಡ್ಡ ಘಟನೆಯೇ. 'ಸಂಸ್ಕಾರ' ಬಿಡುಗಡೆಯಾಗಿ ಹೊಸ ಅಲೆಯ ಮಾತು ಎಲ್ಲೆಲ್ಲೂ ಕೇಳಿಬರುತ್ತಿದ್ದ ಸಮಯ ಅದು. ಸುಚಿತ್ರಾದ ಚರಿತ್ರೆ ನಗರದ್ದಾದುದರಿಂದ ಇಲ್ಲಿ ಬೆಳೆಸುವುದಿಲ್ಲ. ನಮ್ಮ ವಿಷಯಕ್ಕೆ ಹೆಚ್ಚು ಸಲ್ಲುವುದು ಸಾಗರದ ಬಳಿಯ ಹೆಗ್ಗೋಡು.

ಮೈಸೂರಿನಲ್ಲಿ ಆನರ್ಸ್ ಓದಿ, ಊರಿಗೆ ಹಿಂದಿರುಗಿ ಅಡಕೆಯ ತೋಟದ ನಡುವೆ ನಾಟಕ, ಪ್ರಕಾಶನಗಳಲ್ಲಿ ತೊಡಗಿದ್ದ ಕೆ. ವಿ. ಸುಬ್ಬಣ್ಣನವರು, 1949ರಿಂದ ನಡೆದುಬಂದಿದ್ದ ನೀಲಕಂಠೇಶ್ವರ ನಾಟ್ಯಸೇವಾ ಸಂಘದ (ನೀನಾಸಮ್) ಅಂಗವಾಗಿ 1973ರಲ್ಲಿ ನೀನಾಸಮ್ ಚಿತ್ರಸಮಾಜವನ್ನು ಸ್ಥಾಪಿಸಿದರು. ಅದಕ್ಕೆ ಒಂದು ವರ್ಷ ಹಿಂದೆ ಕಟ್ಟಿ ಮುಗಿದಿದ್ದ ಶಿವರಾಮ ಕಾರಂತ ರಂಗಮಂದಿರ ಚಿತ್ರಸಮಾಜಕ್ಕೆ ನೆಲೆಯಾಯಿತು. ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನ ನೋಡಿಯಾರೇ ಎಂದು ಪಟ್ಟಣದವರು ಸಂಶಯಪಟ್ಟಾಗ ಸುಬ್ಬಣ್ಣನವರು ವಾದಕ್ಕೆ ನಿಲ್ಲದೆ ಚಿತ್ರಗಳನ್ನು ತರಿಸಿದರು. 1979ರಿಂದ ಅಲ್ಲಿ ನಡೆದ ಚಲನಚಿತ್ರ ರಸಗ್ರಹಣ ಶಿಬಿರಗಳಿಗೆ ಸತೀಶ್ ಬಹಾದೂರರೂ ಪಿ. ಕೆ. ನಾಯರರೂ ಪುಣೆಯಿಂದ ಬಂದು ಪಾಠ ಹೇಳಿದರು. ಇಂಗ್ಲಿಷಿನಲ್ಲಿ ಅವರು ಹೇಳಿದ್ದನ್ನು ಕನ್ನಡದಲ್ಲಿ ಮತ್ತೆ ಹೇಳಬೇಕಾದಾಗ, ಅನುವಾದವೆಂಬುದು ಸಹಜವಾಗಿಯೇ ವ್ಯಾಖ್ಯಾನದ ಕಡೆಗೆ ಹೊರಳುತ್ತದೆ. ಕನ್ನಡದಲ್ಲಿ ಚಿತ್ರವನ್ನು ಕುರಿತು ಗಂಭೀರವಾಗಿ ಮಾತನಾಡುವ ಒಂದು ಧಾಟಿ ಬೆಳೆದದ್ದು ಬಹುಮಟ್ಟಿಗೆ ಇಂಥ ಶಿಬಿರಗಳಲ್ಲಿ ಎಂದು ನಾನು ಭಾವಿಸುತ್ತೇನೆ. ರೈತರ ಪಕ್ಕದಲ್ಲಿ ಕುಳಿತ ಕಾಲೇಜಿನ ಕನ್ನಡ ಅಧ್ಯಾಪಕರು, ಇಂಗ್ಲಿಷ್ ಬಾರದವನೂ ಕುರೊಸಾವಾನ ವಿಷಯದಲ್ಲಿ ತಮಗಿಂತ ಸೂಕ್ಷ್ಮವಾಗಿ ಮಾತನಾಡಬಲ್ಲನೆಂದು ಅಲ್ಲಿ ಕಂಡುಕೊಂಡರು. 1983ರಲ್ಲಿ ಮೊದಲಾದ 'ಜನಸ್ಪಂದನ' ಯೋಜನೆಯಲ್ಲಿ ಈ ಚಿತ್ರಗಳು ನಾಡಿನ ಬೇರೆ ಬೇರೆ ಊರುಗಳಿಗೂ ಹೋದುವು. ಆಗ್ರಾದ ಕಾಲೇಜು ಅಧ್ಯಾಪಕನಿಂದ ಪುಣೆಗೆ, ಪುಣೆಯಿಂದ ಮಲೆನಾಡಿನ ಹಳ್ಳಿಗೆ, ಅಲ್ಲಿಂದ ಶಿಬಿರಾರ್ಥಿಗಳ ಮೂಲಕ ನಮ್ಮ ಜಿಲ್ಲೆಗಳ ಕಾಲೇಜುಗಳಿಗೆ, ಈ ವಿದ್ಯೆ ಹೀಗೆ ಸುತ್ತಿ ಬಂದಿತು.

ಇಳಿಗಾಲದ ಕಥೆ ದೀರ್ಘವಲ್ಲ. ಮೊದಲು ದೂರದರ್ಶನ, ಅನಂತರ ವೀಡಿಯೋ ಕ್ಯಾಸೆಟ್ಟು ಬಂದು, ಕೂಡಿ ನೋಡುವ ಅಗತ್ಯವನ್ನು ಕುಗ್ಗಿಸಿದುವು. 1990ರಲ್ಲಿ ಪೂರ್ವ ಜರ್ಮನಿ, 1991ರಲ್ಲಿ ಸೋವಿಯತ್ ಒಕ್ಕೂಟ, 1993ರ ಆರಂಭಕ್ಕೆ ಚೆಕೊಸ್ಲೊವಾಕಿಯ ಇಲ್ಲವಾದುವು. ಅವುಗಳ ರಾಯಭಾರ ಕಚೇರಿಗಳ ಚಿತ್ರದ ಡಬ್ಬಿಗಳೂ ಅದರೊಡನೆ ನಿಂತುಹೋದುವು. ಬಹಳ ದೂರದ ರಾಜಕೀಯ ಪಲ್ಲಟವೊಂದು ನಮ್ಮ ಕಾಲೇಜುಗಳ ಶನಿವಾರದ ಸಂಜೆಯನ್ನು ಹೀಗೆ ಬರಿದು ಮಾಡೀತೆಂದು ಯಾರೂ ಎಣಿಸಿರಲಿಲ್ಲ. ಈಗ ಡಬ್ಬಿಯೂ ಇಲ್ಲ, ಸುರುಳಿಯೂ ಇಲ್ಲ. ಪುಣೆಯ ಸಂಗ್ರಹಾಲಯವನ್ನೇ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನ ಮಾಡಲಾಗಿದೆ. ಚಿತ್ರಗಳಾದರೋ ವಿದ್ಯಾರ್ಥಿಯ ಜೇಬಿನಲ್ಲಿಯೇ ಇವೆ. ದೊರೆಯುವಿಕೆಯ ಕಷ್ಟ ತೀರಿದ್ದರಿಂದ ಪರಿಚಯ ಹೇಳುವವರ ಅಗತ್ಯವೂ ತೀರಿತೆಂದು ಕೆಲವರು ವಾದಿಸುತ್ತಾರೆ. ಗ್ರಂಥಾಲಯದಲ್ಲಿ ಪುಸ್ತಕಗಳು ಹೆಚ್ಚಿದುದರಿಂದ ಅಧ್ಯಾಪಕರು ಬೇಡವಾದರೆಂದು ಯಾರಾದರೂ ಹೇಳಿದ್ದಾರೆಯೇ? ಕೆಲವು ಕಾಲೇಜುಗಳಲ್ಲಿ ಇಂದಿಗೂ ವಾರಕ್ಕೊಮ್ಮೆ ಪ್ರೊಜೆಕ್ಟರನ್ನು ಹಚ್ಚಿ, ಮೊದಲು ಹತ್ತು ನಿಮಿಷ ಮಾತನಾಡಿ, ಮುಗಿದಮೇಲೆ ಅರ್ಧ ಗಂಟೆ ಚರ್ಚಿಸುವ ತರುಣ ಅಧ್ಯಾಪಕರಿದ್ದಾರೆ. ಅವರು ಹಳೆಯ ಚಿತ್ರಸಮಾಜದ ಹೆಸರನ್ನು ಬಳಸದಿದ್ದರೂ ಕೆಲಸ ಅದೇ.

ಸಂಪಾದಕರಲ್ಲಿ ಒಂದು ವಿಜ್ಞಾಪನೆ ಉಳಿದಿದೆ. ಚಿತ್ರದ ಪ್ರತಿಗಳು ಪುಣೆಯದೋ ದೆಹಲಿಯದೋ ಆಗಿದ್ದುದರಿಂದ ಅವುಗಳ ರಕ್ಷಣೆ ನಮ್ಮ ಹೊಣೆಯಾಗಿರಲಿಲ್ಲ. ಆದರೆ ಆ ಸೈಕ್ಲೋಸ್ಟೈಲಿನ ಪರಿಚಯಪತ್ರಗಳು ಕೇವಲ ನಮ್ಮವು. ಕನ್ನಡದಲ್ಲಿ ಬರೆದ, ಬರೆದವರ ಹೆಸರು ಸಹ ಕೆಲವೊಮ್ಮೆ ಇಲ್ಲದ ಆ ಹಾಳೆಗಳನ್ನು ಯಾವ ಸಂಗ್ರಹಾಲಯವೂ ಕೂಡಿಟ್ಟಂತೆ ಕಾಣದು. ಅಗ್ಗದ ಕಾಗದವಾದುದರಿಂದ ಅವು ಈಗಾಗಲೇ ಕಂದಿ, ಮಡಿಕೆಯಲ್ಲಿ ಹರಿಯುತ್ತಿರುತ್ತವೆ. ನಿವೃತ್ತ ಅಧ್ಯಾಪಕರ ಮನೆಗಳಲ್ಲಿ, ಹಳೆಯ ವಿದ್ಯಾರ್ಥಿಗಳ ಟ್ರಂಕುಗಳಲ್ಲಿ ಅಂಥವು ಇದ್ದರೆ, ಪಿನ್ನು ತೆಗೆದು, ಯಾವ ಚಿತ್ರದ್ದು, ಯಾವ ವರ್ಷದ್ದೆಂದು ತಿಳಿದಷ್ಟನ್ನು ಪೆನ್ಸಿಲಿನಲ್ಲಿ ಹಿಂಬದಿಗೆ ಬರೆದು ಕಾಲೇಜಿನ ಗ್ರಂಥಪಾಲಕರ ಕೈಗೆ ಕೊಡಬೇಕೆಂಬ ಒಂದು ಪ್ರಕಟಣೆಯನ್ನು ಈ ಸಂಚಿಕೆಯ ಯಾವುದಾದರೂ ಪುಟದಲ್ಲಿ, ಜಾಹೀರಾತುಗಳ ನಡುವೆಯಾದರೂ ಸರಿ, ದಯಮಾಡಿ ಅಚ್ಚುಹಾಕಿಸಬೇಕು.